ಮಂಜುಗಣ್ಣಿನ ಲೇಖಕ ಆಲ್ಡಸ್ ಹಕ್ಸ್‌ಲಿ ಮೆಸ್ಕಲಿನ್ ಸೇವಿಸಿದಾಗ ಕಂಡದ್ದೇನು?

ಮಾದಕ ವಸ್ತು ಸೇವಿಸಿದಾಗ ಕಣ್ಣೆದುರಿನ ಜಗತ್ತು ಹೇಗೆ ಬದಲಾಗುತ್ತದೆ? ಈ ಬಗ್ಗೆ 20ನೇ ಶತಮಾನದಲ್ಲಿ ಅತಿ ಹೆಚ್ಚು ಚರ್ಚೆಯಾದ ಪುಸ್ತಕಗಳಲ್ಲಿ ಒಂದನ್ನು ಬರೆದವರು ಕಣ್ಣು ಸರಿಯಾಗಿ ಕಾಣದ ಇಂಗ್ಲಿಷ್ ಲೇಖಕ ಆಲ್ಡಸ್ ಹಕ್ಸ್‌ಲಿ.

ಹಕ್ಸ್‌ಲಿ ಹುಟ್ಟಿದ್ದು 1894ರ ಜುಲೈ 26ರಂದು, ಇಂಗ್ಲೆಂಡಿನ ಗೋಡಲ್ಮಿಂಗ್‌ನಲ್ಲಿ. ತಾತ ಥಾಮಸ್ ಹೆನ್ರಿ ಹಕ್ಸ್‌ಲಿ ಹೆಸರಾಂತ ಜೀವವಿಜ್ಞಾನಿ. 14ನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ ಹಕ್ಸ್‌ಲಿಗೆ 1911ರಲ್ಲಿ ಕಾರ್ನಿಯಾದ ಉರಿಯೂತ ಕಾಣಿಸಿಕೊಂಡಿತು. ಸುಮಾರು ಒಂದೂವರೆ ವರ್ಷ ಹೆಚ್ಚುಕಡಿಮೆ ಕುರುಡರಾಗಿಯೇ ಇದ್ದರು. ಬ್ರೈಲ್ ಲಿಪಿ ಕಲಿತರು. ವೈದ್ಯನಾಗುವ ಆಸೆ ಅಲ್ಲಿಗೇ ಮುಗಿಯಿತು. ಸ್ವಲ್ಪ ದೃಷ್ಟಿ ಮರಳಿದ ಮೇಲೆ ಭೂತಗನ್ನಡಿ ಹಿಡಿದು ಓದಿ, ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ದರ್ಜೆ ಪಡೆದರು.

1932ರಲ್ಲಿ ಬಂದ 'ಬ್ರೇವ್ ನ್ಯೂ ವರ್ಲ್ಡ್' ಕಾದಂಬರಿ ಅವರಿಗೆ ವಿಶ್ವಖ್ಯಾತಿ ತಂದಿತು. ಅದರಲ್ಲಿ ಪ್ರಜೆಗಳನ್ನು ತೆಪ್ಪಗಿರಿಸಲು ಸರ್ಕಾರವೇ ಹಂಚುವ ಮಾದಕದ ಹೆಸರು ಸೋಮ. ನಮ್ಮ ವೇದಗಳಿಂದ ಪಡೆದ ಹೆಸರದು. 1937ರಲ್ಲಿ ಹಕ್ಸ್‌ಲಿ ಅಮೆರಿಕಕ್ಕೆ ತೆರಳಿದರು.

1953ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನ ತಮ್ಮ ಮನೆಯಲ್ಲಿ, ಮನೋವೈದ್ಯ ಹಂಫ್ರಿ ಆಸ್ಮಂಡ್ ಸಮ್ಮುಖದಲ್ಲಿ, 0.4 ಗ್ರಾಂ ಮೆಸ್ಕಲಿನ್ ನೀರಿನಲ್ಲಿ ಬೆರೆಸಿ ಕುಡಿದರು. ಇದು ಪೆಯೋಟಿ ಎಂಬ ಕಳ್ಳಿಯಲ್ಲಿರುವ ರಾಸಾಯನಿಕ. ಕಣ್ಣು ಮುಚ್ಚಿದರೆ ವಿಚಿತ್ರ ದೃಶ್ಯಗಳು ಕಾಣುತ್ತವೆ ಎಂಬುದು ಅವರ ನಿರೀಕ್ಷೆ. ಆದರೆ ಬದಲಾಗಿದ್ದು ಕಣ್ಣು ತೆರೆದಾಗ ಕಂಡ ಜಗತ್ತು. ಹೂದಾನಿಯ ಮೂರು ಹೂವುಗಳು ಒಳಗಿನಿಂದಲೇ ಬೆಳಗುವಂತೆ ಕಂಡವು. ತಮ್ಮದೇ ಪ್ಯಾಂಟಿನ ಮಡಿಕೆಗಳನ್ನು ನೋಡುತ್ತಾ ಮೈಮರೆತರು. ಒಂದು ಹಂತದಲ್ಲಿ ಬರೀ ಕುರ್ಚಿಯೇ ಅವರನ್ನು ಬೆಚ್ಚಿಬೀಳಿಸಿತು, ಹುಚ್ಚು ಹಿಡಿಯಬಹುದೆಂಬ ಭಯವೂ ಕಾಡಿತು.

ಇಲ್ಲಿ ಅವರ ಕಣ್ಣಿನ ದೋಷವೇನೂ ವಾಸಿಯಾಗಿರಲಿಲ್ಲ. ಮೆಸ್ಕಲಿನ್ ಮುಖ್ಯವಾಗಿ ಮಿದುಳಿನ ಸೆರೊಟೋನಿನ್ 2ಎ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆ. ಕಣ್ಣು ಕಳಿಸಿದ ಸಂಕೇತವನ್ನು ಮಿದುಳು ಅರ್ಥೈಸುವ ಕ್ರಮವೇ ಏರುಪೇರಾಗುತ್ತದೆ. ಹಾಗಾಗಿ ಬಣ್ಣ ಗಾಢವಾಗುತ್ತದೆ, ಗೋಡೆ ಅಲೆಯಾಡಿದಂತೆ ಕಾಣುತ್ತದೆ.

ಈ ಅನುಭವವನ್ನು ಅವರು 1954ರಲ್ಲಿ 'ದಿ ಡೋರ್ಸ್ ಆಫ್ ಪರ್ಸೆಪ್ಷನ್' ಪುಸ್ತಕವಾಗಿಸಿದರು. 60ರ ದಶಕದ ಯುವಜನರ ಮೇಲೆ ಅದರ ಪ್ರಭಾವ ದೊಡ್ಡದು. ಆದರೆ ಹಕ್ಸ್‌ಲಿ ಪಕ್ಕದಲ್ಲಿದ್ದಂತೆ ವೈದ್ಯರು ಎಲ್ಲರ ಪಕ್ಕದಲ್ಲಿರಲಿಲ್ಲ. ಭಾರತದಲ್ಲಿ ಮೆಸ್ಕಲಿನ್ 1985ರ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ.

ಕ್ಯಾನ್ಸರ್‌ನಿಂದ ಮಾತು ನಿಂತಿದ್ದ ಹಕ್ಸ್‌ಲಿ, ಕೊನೆಯ ದಿನ ಎಲ್‌ಎಸ್‌ಡಿ ಕೊಡುವಂತೆ ಪತ್ನಿ ಲಾರಾಗೆ ಚೀಟಿ ಬರೆದು ಕೇಳಿದರು. ಆಕೆ ಚುಚ್ಚುಮದ್ದು ಕೊಟ್ಟರು. ಅಂದು 1963ರ ನವೆಂಬರ್ 22. ಅದೇ ದಿನ ಅಧ್ಯಕ್ಷ ಕೆನಡಿ ಹತ್ಯೆಯಾಯಿತು, ಆ ಸುದ್ದಿಯ ಅಬ್ಬರದಲ್ಲಿ ಹಕ್ಸ್‌ಲಿ ಸಾವು ಹೆಚ್ಚು ಜನರ ಗಮನಕ್ಕೆ ಬರಲಿಲ್ಲ.