ನೇಗಿಲಿನಿಂದ ಎಂಜಿನ್‌ವರೆಗೆ: ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ಕುಟುಂಬವೊಂದು ಹಳೆಯ ಕಾರು ಕೊಳ್ಳಲು ಹೊರಟರೆ ಮೊದಲು ಜೊತೆಗೆ ಕರೆದೊಯ್ಯುವುದು ಪರಿಚಯದ ಮೇಸ್ತ್ರಿಯನ್ನು. ಬಣ್ಣ, ಸೀಟು, ಸಂಗೀತದ ಪೆಟ್ಟಿಗೆ ಇವು ಆತನಿಗೆ ಮುಖ್ಯವಲ್ಲ. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸುತ್ತಾನೆ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ರೋಗವನ್ನು ಮುಚ್ಚಿಡುತ್ತದೆ. ಹೊಗೆ ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ. ಕಪ್ಪಾಗಿದ್ದರೆ ಇಂಧನ ಪೂರ್ತಿ ದಹಿಸುತ್ತಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ತಂಪುಕಾರಕ ಒಳಗೆ ಸೋರುತ್ತಿರಬಹುದು. ಆಯಿಲ್ ಮುಚ್ಚಳ ತೆಗೆದಾಗ ಹಬೆ ರಭಸದಿಂದ ಹೊರನುಗ್ಗಿದರೆ ಪಿಸ್ಟನ್ ರಿಂಗುಗಳು ಸವೆದಿವೆ ಎಂದರ್ಥ. ಮೀಟರ್ ತೋರಿಸುವ ಕಿಲೋಮೀಟರನ್ನು ಆತ ಅಷ್ಟಾಗಿ ನಂಬುವುದಿಲ್ಲ. ಅದನ್ನು ತಿರುಗಿಸಬಹುದು, ಸವೆತವನ್ನು ತಿರುಗಿಸಲಾಗದು.

ಇದಾದ ಮೇಲೆ ಬರುವ ಪ್ರಶ್ನೆ ಬಿಡಿಭಾಗದ್ದು. ಮಾರುತಿ ಸ್ವಿಫ್ಟ್, ಟಾಟಾ ಇಂಡಿಕಾ ವಿಸ್ಟಾ, ಫಿಯೆಟ್ ಪುಂಟೊಗಳಲ್ಲಿ ಬಂದ 1.3 ಲೀಟರ್ ಡೀಸೆಲ್ ಎಂಜಿನ್‌ಗೆ ಮಾರುತಿ 2020ರ ಏಪ್ರಿಲ್‌ನಲ್ಲಿ ವಿದಾಯ ಹೇಳಿತು. ಆದರೂ ಹಳೆಯ ಕಾರುಗಳ ಸಂತೆಯಲ್ಲಿ ಅದಕ್ಕೆ ಬೆಲೆಯಿದೆ. ಹಲವು ಕಂಪನಿಗಳ ಕಾರುಗಳಲ್ಲಿ ಓಡಿದ ಎಂಜಿನ್ ಆದ್ದರಿಂದ ಅದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ಹೆಚ್ಚು. ಊರಿನಲ್ಲಿ ದುರಸ್ತಿ ಆಗದ ಎಂಜಿನ್ ಎಷ್ಟು ಉತ್ತಮವಾಗಿದ್ದರೇನು?

ಯಂತ್ರವನ್ನು ಹೀಗೆ ಶಂಕೆಯಿಂದ ನೋಡಿ, ಪರೀಕ್ಷಿಸಿ, ಬಳಿಕವಷ್ಟೇ ನಂಬುವ ಗ್ರಾಹಕನನ್ನು ನೂರು ವರ್ಷಗಳಿಗೂ ಹಿಂದೆ ಎದುರಿಸಿ, ಸೋತು, ಕೊನೆಗೆ ಗೆದ್ದ ವ್ಯಕ್ತಿ ಇದೇ ಉತ್ತರ ಕರ್ನಾಟಕದ ಮಣ್ಣಿನವರು. ಅವರೇ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್.

1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಅವರ ಜನನ. ಮನೆಮಾತು ಮರಾಠಿ, ಸುತ್ತಲಿನ ನೆಲ ಕನ್ನಡದ್ದು. ಪಾಠಗಳಲ್ಲಿ ಆಸಕ್ತಿಯಿಲ್ಲದ ಹುಡುಗನಿಗೆ ಇದ್ದ ಗೀಳು ಎರಡೇ: ಚಿತ್ರಕಲೆ ಮತ್ತು ಯಂತ್ರ. ಚಿತ್ರಕಲೆಯನ್ನೇ ಬದುಕಾಗಿಸಿಕೊಳ್ಳಲು ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಅಲ್ಲಿ ಅವರಿಗೆ ತಿಳಿದದ್ದು ತಮ್ಮ ಕಣ್ಣು ಕೆಲವು ಬಣ್ಣಗಳನ್ನು ಬೇರ್ಪಡಿಸಲಾರದು ಎಂಬ ಸತ್ಯ. ಕಲಾವಿದನಾಗಬೇಕೆಂಬ ತರುಣನಿಗೆ ಅದಕ್ಕಿಂತ ದೊಡ್ಡ ಪೆಟ್ಟು ಇರಲಾರದು. ಬಣ್ಣ ಬೇಡದ ಯಾಂತ್ರಿಕ ರೇಖಾಚಿತ್ರದತ್ತ ಹೊರಳಿದ ಅವರು ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಶಿಕ್ಷಕರಾದರು. ಬಿಡುವಿನಲ್ಲಿ ಕಾರ್ಯಾಗಾರದ ಯಂತ್ರಗಳ ನಡುವೆ ನಿಂತು ಕೈಕೆಲಸ ಕಲಿತರು.

ನ್ಯಾಯವಾಗಿ ತಮಗೆ ಸಲ್ಲಬೇಕಿದ್ದ ಬಡ್ತಿ ಆಂಗ್ಲೋ ಇಂಡಿಯನ್ ಒಬ್ಬರ ಪಾಲಾದಾಗ ಅವರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಮರಳಿದರು. ಅಷ್ಟರಲ್ಲಿ ಅಣ್ಣ ರಾಮಚಂದ್ರರಾವ್ ಜೊತೆ ಸೈಕಲ್ ವ್ಯಾಪಾರ ಶುರುವಾಗಿತ್ತು. ಕಿರ್ಲೋಸ್ಕರ್ ಬ್ರದರ್ಸ್ ಸಂಸ್ಥೆ ತನ್ನ ಹುಟ್ಟನ್ನು 1888ರಿಂದಲೇ ಎಣಿಸುತ್ತದೆ. ಆ ಅಂಗಡಿಯಿದ್ದ ಬೀದಿಗೆ ಇಂದಿಗೂ ಕಿರ್ಲೋಸ್ಕರ್ ರಸ್ತೆ ಎಂದೇ ಹೆಸರು.

ಸೈಕಲ್ ಮಾರಾಟ ಅವರಿಗೆ ಸಾಕೆನಿಸಲಿಲ್ಲ. ಸಣ್ಣ ಕಾರ್ಯಾಗಾರ ಹೂಡಿ ಮೇವು ಕತ್ತರಿಸುವ ಯಂತ್ರ ತಯಾರಿಸಿದರು. ಬಳಿಕ ಕಬ್ಬಿಣದ ನೇಗಿಲು. ಕಷ್ಟ ಎದುರಾದದ್ದು ಇಲ್ಲಿಯೇ. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುತ್ತದೆ ಎಂಬುದು ರೈತರ ನಂಬಿಕೆ. ತಲೆಮಾರುಗಳಿಂದ ಮರದ ನೇಗಿಲು ಹಿಡಿದವರಿಗೆ ಪಟ್ಟಣದ ಮೇಷ್ಟ್ರೊಬ್ಬರ ಮಾತು ಹೇಗೆ ರುಚಿಸೀತು? ತಯಾರಾದ ನೇಗಿಲುಗಳಿಗೆ ಎರಡು ವರ್ಷ ಗಿರಾಕಿಯೇ ಸಿಗಲಿಲ್ಲ. ಇದನ್ನು ರೈತರ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ಪೂರ್ತಿ ನ್ಯಾಯವಲ್ಲ. ವರ್ಷದ ಅನ್ನವೇ ಪಣಕ್ಕಿರುವಾಗ ಹೊಸ ಉಪಕರಣವನ್ನು ನಂಬುವ ಮೊದಲು ನೂರು ಬಾರಿ ಯೋಚಿಸುವವನು ಮೂರ್ಖನಲ್ಲ. ಬಿಡಿ ಮಾತುಗಳಿಂದ ಆತ ಒಪ್ಪುವವನೂ ಅಲ್ಲ. ಹೊಲದಲ್ಲಿ ನೇಗಿಲು ಮಣ್ಣನ್ನು ಆಳವಾಗಿ ಮಗುಚಿದ್ದನ್ನು ಕಂಡ ಮೇಲೆಯೇ ಬೇಡಿಕೆ ಹುಟ್ಟಿತು.

ವ್ಯಾಪಾರ ಕುದುರುತ್ತಿದ್ದಂತೆ ಇನ್ನೊಂದು ಆಘಾತ. ಹೊಸ ಬಡಾವಣೆಗಾಗಿ ಜಾಗ ತೆರವು ಮಾಡುವಂತೆ ಬೆಳಗಾವಿ ಪುರಸಭೆ ಸೂಚಿಸಿತು. ಕಾರ್ಖಾನೆಗೆ ನೆಲೆಯೇ ಇಲ್ಲದಾಯಿತು. ಆಗ ಕೈಹಿಡಿದವರು ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ಸೂರ್ಯನಮಸ್ಕಾರವನ್ನು ಜನಪ್ರಿಯಗೊಳಿಸಿದ, ಸ್ವತಃ ಚಿತ್ರಕಾರರೂ ಆಗಿದ್ದ ಇವರು ಜಾಗದೊಂದಿಗೆ ಸಾಲವನ್ನೂ ನೀಡಿದರು. ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ ಸಿಕ್ಕಿದ್ದು ಪಾಪಾಸುಕಳ್ಳಿ ಮತ್ತು ಹಾವುಗಳೇ ತುಂಬಿದ್ದ 32 ಎಕರೆ ಬರಡು ಭೂಮಿ. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಅಸ್ಪೃಶ್ಯತೆಗೆ ಆ ಊರಿನಲ್ಲಿ ಜಾಗವಿರಲಿಲ್ಲ. ಶಿಕ್ಷೆ ಅನುಭವಿಸಿ ಬಂದವರನ್ನು ರಾತ್ರಿ ಕಾವಲಿಗೆ ನೇಮಿಸುವ ಧೈರ್ಯವನ್ನೂ ಲಕ್ಷ್ಮಣರಾವ್ ತೋರಿದರು. ಯಂತ್ರಕ್ಕಿಂತ ಮನುಷ್ಯರನ್ನು ಅವರು ಬೇಗ ನಂಬಿದರು ಎನ್ನಬೇಕು.

ಮೊದಲ ಮಹಾಯುದ್ಧದ ಕಾಲಕ್ಕೆ ವಿದೇಶಿ ಕಚ್ಚಾ ಕಬ್ಬಿಣದ ಆಮದು ನಿಂತಿತು. ಕೊಲ್ಹಾಪುರ ಸಂಸ್ಥಾನದ ಹಳೆಯ ಫಿರಂಗಿಗಳು ಕುಲುಮೆ ಸೇರಿ ನೇಗಿಲುಗಳಾದವು. ನೇಗಿಲಿನ ಹಿಂದೆ ಕಬ್ಬಿನ ಗಾಣ ಬಂತು, ನೀರೆತ್ತುವ ಪಂಪು ಬಂತು. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಓದಿದ ಮಗ ಶಂತನುರಾವ್ 1926ರಲ್ಲಿ ಮರಳಿ ತಂದೆಯ ಜೊತೆಗೂಡಿದರು.

ರಾಣೇಬೆನ್ನೂರಿನವರಿಗೆ ಕಿರ್ಲೋಸ್ಕರ್ ಹೆಸರು ಹತ್ತಿರವಾದದ್ದು ಇದಾದ ಮೇಲೆ. 1941ರಲ್ಲಿ ಮೈಸೂರು ಸರ್ಕಾರದ ಬೆಂಬಲದೊಂದಿಗೆ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. ಹರಿಹರ ಮೈಸೂರು ಸಂಸ್ಥಾನದ ಗಡಿಯ ಊರು. ತುಂಗಭದ್ರೆಯ ಆಚೆ ದಡದ ರಾಣೇಬೆನ್ನೂರು, ಹಾವೇರಿ, ಬ್ಯಾಡಗಿಗಳು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಕಾರ್ಖಾನೆಯಲ್ಲಿ ತಯಾರಾದದ್ದು ಲೇತ್‌ಗಳು, ಅಂದರೆ ಯಂತ್ರಗಳನ್ನು ಮಾಡುವ ಯಂತ್ರಗಳು. ಸವೆದ ಭಾಗವನ್ನು ಬಿಸಾಡದೆ ಅಳತೆಗೆ ಕಡೆದು ಮತ್ತೆ ಕೂರಿಸುವ ಕೆಲಸಕ್ಕೆ ಲೇತ್ ಇಲ್ಲದೆ ನಡೆಯದು. ಹೆದ್ದಾರಿ ಬದಿಯ ಗ್ಯಾರೇಜುಗಳ ಬದುಕೇ ಅದರ ಮೇಲೆ ನಿಂತಿದೆ. ಹರಿಹರದ ಆ ಕಾರ್ಖಾನೆ ಮುಚ್ಚಿಹೋಗಿ ವರ್ಷಗಳೇ ಉರುಳಿವೆ.

1946ರಲ್ಲಿ ಪುಣೆಯ ಖಡ್ಕಿಯಲ್ಲಿ ಶಂತನುರಾವ್ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಆರಂಭಿಸಿದರು. ಅದೇ ವರ್ಷ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಹುಟ್ಟಿತು. ವಿದ್ಯುತ್ ತಲುಪದ ಹೊಲಗಳಲ್ಲಿ ಬಾವಿಯ ನೀರೆತ್ತಿದ್ದು ಡೀಸೆಲ್ ಎಂಜಿನ್. ರೈತನೊಬ್ಬ ತನ್ನ ಕೈಯಾರೆ ಹಿಡಿಕೆ ತಿರುಗಿಸಿ, ಅದರ ಸದ್ದು ಕೇಳಿ, ಹೊಗೆ ನೋಡಿ ರೋಗ ಗುರುತಿಸಲು ಕಲಿತದ್ದು ಅಂಥ ಎಂಜಿನ್‌ಗಳ ಬಳಿಯೇ. ಬೈಕು, ಟ್ರ್ಯಾಕ್ಟರ್, ಕಾರು ಬಂದದ್ದು ಆಮೇಲೆ.

ಲಕ್ಷ್ಮಣರಾವ್ 1956ರ ಸೆಪ್ಟೆಂಬರ್ 26ರಂದು ನಿಧನರಾದರು. ಅವರ ಶತಮಾನೋತ್ಸವದ ನೆನಪಿಗೆ ಭಾರತೀಯ ಅಂಚೆ ಇಲಾಖೆ 1969ರಲ್ಲಿ ಅಂಚೆಚೀಟಿ ಹೊರತಂದಿತು. ಅವರು ತೀರಿಕೊಂಡು ಐದು ವಾರ ಕಳೆಯುವಷ್ಟರಲ್ಲಿ, ನವೆಂಬರ್ 1ರಂದು, ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಗುರ್ಲಹೊಸೂರು, ರಾಣೇಬೆನ್ನೂರು, ಹರಿಹರ ಒಂದೇ ರಾಜ್ಯದ ಊರುಗಳಾದವು. ತುಂಗಭದ್ರೆ ಗಡಿಯಾಗಿ ಉಳಿಯಲಿಲ್ಲ.