ಅವಧಿಯ ಮಿತಿಯೋ, ಹಣದ ಮೂಲವೋ?

ಶಾಸಕರಾಗಲು ಎರಡೇ ಅವಧಿಯ ಅವಕಾಶವೆಂಬ ಕಾನೂನು ಬಂದರೆ ರಾಜಕಾರಣದಲ್ಲಿ ಹಣದ ಪ್ರಭಾವ ತಗ್ಗುತ್ತದೆ ಎಂಬ ವಾದವುಂಟು. ಸೇವೆಯಲ್ಲಿದ್ದಾಗ ಅಭ್ಯರ್ಥಿಗಳ ವೆಚ್ಚದ ಲೆಕ್ಕಪತ್ರಗಳನ್ನು ಪರಿಶೀಲಿಸಿದ್ದ ನನಗೂ ಒಂದು ಕಾಲಕ್ಕೆ ಅದು ಸರಿಯೆನಿಸಿತ್ತು. ಆ ಅಭಿಪ್ರಾಯವನ್ನು ಬದಲಿಸಿದ್ದು ಶಾಂತವೇರಿ ಗೋಪಾಲಗೌಡರ ಬದುಕು.

1923ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದ ಗೌಡರು ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಗೆ ಧುಮುಕಿ ಸೆರೆಮನೆ ಕಂಡರು. 1951ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ಸಮಾಜವಾದಿ ಮುಖಂಡರಾಗಿ ಬೆಂಬಲವಾಗಿ ನಿಂತರು. ಮರುವರ್ಷ ಸಾಗರ-ಹೊಸನಗರ ಕ್ಷೇತ್ರದಿಂದ ವಿಧಾನಸಭೆ ಪ್ರವೇಶಿಸಿದರು. ಕೈಯಲ್ಲಿ ಹಣವಿಲ್ಲದ ಅವರು ಮತದ ಜೊತೆಗೆ ಖರ್ಚಿಗೆಂದು ಒಂದೊಂದು ನೋಟನ್ನೂ ಜನರಿಂದಲೇ ಬೇಡುತ್ತಿದ್ದರು. 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ಗೆದ್ದರು. ಗೇಣಿದಾರರ ಪರವಾಗಿ ಅವರು ಸದನದಲ್ಲಿ ಎತ್ತಿದ ದನಿಗೆ 1974ರ ಭೂಸುಧಾರಣೆಯಲ್ಲಿ ಉತ್ತರ ದೊರೆಯಿತು. ನೋಡಲು ಅವರಿರಲಿಲ್ಲ, 1972ರಲ್ಲಿ, ಐವತ್ತು ತುಂಬುವ ಮೊದಲೇ, ತೀರಿಕೊಂಡಿದ್ದರು.

ಎರಡು ಅವಧಿಯ ಕಾನೂನು ಇದ್ದಿದ್ದರೆ 1967ರಲ್ಲಿ ಗೌಡರು ಸ್ಪರ್ಧಿಸುವಂತೆಯೇ ಇರಲಿಲ್ಲ. ಹಣವಂತರಿಗೆ ಅದರಿಂದ ನಷ್ಟವೇನು? ಅವರು ಇನ್ನೊಬ್ಬ ಅಭ್ಯರ್ಥಿಯನ್ನು ಹುಡುಕಿಕೊಳ್ಳುತ್ತಾರೆ. ಹೆಸರಿಲ್ಲದ ಹೊಸಬನಿಗೆ ಪ್ರಚಾರದ ಖರ್ಚು ಹೆಚ್ಚು, ಹೂಡಿದ್ದನ್ನು ಹಿಂಪಡೆಯಲು ಕಾಲ ಕಡಿಮೆ. ಇದು ಅರ್ಥಶಾಸ್ತ್ರದ ಸರಳ ಲೆಕ್ಕ.

ಅವಧಿಗೆ ಮಿತಿ ಹಾಕುವ ಅಧಿಕಾರ ಮತದಾರನಿಗೆ ಇದ್ದೇ ಇದೆ. 1957ರಲ್ಲಿ ಅವನು ಅದನ್ನು ಗೌಡರ ಮೇಲೆಯೇ ಚಲಾಯಿಸಿದ್ದ. ಅಭ್ಯರ್ಥಿಯ ವೆಚ್ಚಕ್ಕೆ ಮಿತಿ ವಿಧಿಸಿ ಪಕ್ಷದ ವೆಚ್ಚವನ್ನು ಮುಕ್ತವಾಗಿ ಬಿಟ್ಟಿರುವ ನಮ್ಮ ಕಾನೂನು ಮೊದಲು ಕೇಳಬೇಕಾದ ಪ್ರಶ್ನೆ, ಆ ಹಣ ಯಾರದು ಎಂಬುದು. ಗೌಡರ ವಿಷಯದಲ್ಲಿ ಅದಕ್ಕೆ ಉತ್ತರ ಊರಿಗೆಲ್ಲ ಗೊತ್ತಿತ್ತು.