ಅಮೆರಿಕದ ರಾಷ್ಟ್ರಗೀತೆ ಹುಟ್ಟಿದ್ದು ಮುಂಬೈನಲ್ಲಿ ಕಟ್ಟಿದ ಹಡಗಿನಲ್ಲೇ? ಜಮ್‌ಶೆಟ್‌ಜಿ ವಾಡಿಯಾ ಅವರ ನಿಜವಾದ ಕಥೆ

ಅಮೆರಿಕದ ರಾಷ್ಟ್ರಗೀತೆಯನ್ನು ಬರೆದದ್ದು ಭಾರತದಲ್ಲಿ ಕಟ್ಟಿದ ಹಡಗಿನಲ್ಲಿ ಎಂಬ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಅದರಲ್ಲಿ ಹೇಳುವ ಹಡಗಿನ ಹೆಸರು ಎಚ್‌ಎಂಎಸ್ ಮಿಂಡೆನ್. ಕಟ್ಟಿದವರು ಮುಂಬೈನ ಪಾರ್ಸಿ ಹಡಗು ನಿರ್ಮಾಪಕ ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ. ಹಡಗೂ ನಿಜ, ವಾಡಿಯಾ ಅವರೂ ನಿಜ. ಗೀತೆಯ ಕಥೆ ಮಾತ್ರ ನಿಜವಲ್ಲ.

ಯಾರು ಈ ವಾಡಿಯಾ?

ಜಮ್‌ಶೆಟ್‌ಜಿ ಹುಟ್ಟಿದ್ದು 1754ರಲ್ಲಿ. ಅವರ ಅಜ್ಜ ಲವ್‌ಜಿ ನುಸ್ಸರ್ವಾನ್‌ಜಿ 1736ರಲ್ಲಿ ಸೂರತ್‌ನಿಂದ ಮುಂಬೈಗೆ ಬಂದು, ಈಸ್ಟ್ ಇಂಡಿಯಾ ಕಂಪನಿಯ ಹಡಗುಕಟ್ಟೆಗೆ ಬುನಾದಿ ಹಾಕಿದವರು. ಮನೆತನ ದೊಡ್ಡದಾದರೂ ಮೊಮ್ಮಗ ಮೊದಲು ಸಾಮಾನ್ಯ ಬಡಗಿಯಾಗಿ ಕೆಲಸ ಕಲಿಯಬೇಕಾಯಿತು. 1792ರಲ್ಲಿ ಸಂಬಂಧಿ ಫ್ರಾಮ್‌ಜಿ ಮಾಣೆಕ್‌ಜಿ ಅವರ ಜೊತೆಗೆ ಮುಖ್ಯ ನಿರ್ಮಾಪಕರಾದರು. 1804ರಲ್ಲಿ ಕಂಪನಿ ಅವರ ಕೆಲಸ ಮೆಚ್ಚಿ ಬೆಳ್ಳಿಯ ಅಳತೆಗೋಲನ್ನು ಕೊಟ್ಟಿತು. 1821ರಲ್ಲಿ ತೀರಿಕೊಂಡರು.

ಗೀತೆಯ ಕಥೆ ಏಕೆ ಸುಳ್ಳು?

74 ಫಿರಂಗಿಗಳ ಮಿಂಡೆನ್ 1810ರಲ್ಲಿ ನೀರಿಗಿಳಿಯಿತು. ಅಮೆರಿಕದ ವಕೀಲ ಫ್ರಾನ್ಸಿಸ್ ಸ್ಕಾಟ್ ಕೀ 1814ರ ಸೆಪ್ಟೆಂಬರ್‌ನಲ್ಲಿ ಸೆರೆಸಿಕ್ಕ ವೈದ್ಯರೊಬ್ಬರನ್ನು ಬಿಡಿಸಿಕೊಂಡು ಬರಲು ಬ್ರಿಟಿಷರ ಬಳಿಗೆ ಹೋಗಿದ್ದರು. ಬಾಲ್ಟಿಮೋರ್‌ನ ಮೆಕ್‌ಹೆನ್ರಿ ಕೋಟೆಯ ಮೇಲೆ ದಾಳಿ ನಡೆದ ರಾತ್ರಿ ಅವರು ಇದ್ದದ್ದು ಸಂಧಾನಕ್ಕೆ ಬಂದ ಅಮೆರಿಕದ್ದೇ ದೋಣಿಯಲ್ಲಿ, ಬ್ರಿಟಿಷರ ಕಾವಲಿನಲ್ಲಿ. ಆ ರಾತ್ರಿಗೂ ಮಿಂಡೆನ್‌ಗೂ ಸಂಬಂಧವಿಲ್ಲ.

ಹಾಗಾದರೆ ಅವರ ದೊಡ್ಡ ಸಾಧನೆ ಯಾವುದು?

ಆಗ ಬ್ರಿಟನ್ನಿನಲ್ಲಿ ಯುದ್ಧನೌಕೆಗೆ ಬೇಕಾದ ಓಕ್ ಮರದ ಕೊರತೆಯಿತ್ತು. ಮುಂಬೈಗೆ ಮಲಬಾರಿನ ತೇಗ ಸಿಗುತ್ತಿತ್ತು. ಓಕ್‌ನಲ್ಲಿರುವ ಟ್ಯಾನಿಕ್ ಆಮ್ಲ ಕಬ್ಬಿಣದ ಮೊಳೆ, ಬೋಲ್ಟ್‌ಗಳನ್ನು ತಿನ್ನುತ್ತದೆ. ತೇಗದಲ್ಲಿ ಆ ಕಾಟ ಕಡಿಮೆ. ಜೊತೆಗೆ ಅದರೊಳಗಿನ ಸಹಜ ಎಣ್ಣೆ ಮರವನ್ನು ಕೊಳೆಯದಂತೆ ಕಾಯುತ್ತದೆ.

ಎಚ್‌ಎಂಎಸ್ ಟ್ರಿಂಕೊಮಾಲಿಯ ನಕ್ಷೆಗಳು ಮೊದಲ ಸಲ ಮುಂಬೈ ಸೇರಲೇ ಇಲ್ಲ. ಅವನ್ನು ತರುತ್ತಿದ್ದ ಜಾವಾ ಎಂಬ ಹಡಗು 1812ರ ಕೊನೆಯಲ್ಲಿ ಅಮೆರಿಕದ ನೌಕೆಯ ಎದುರು ಸೋತು ನಾಶವಾಯಿತು. ಮತ್ತೆ ನಕ್ಷೆ ತರಿಸಿ, 1817ರ ಅಕ್ಟೋಬರ್ 12ರಂದು ಹಡಗನ್ನು ನೀರಿಗಿಳಿಸಲಾಯಿತು. ಯುರೋಪಿನಲ್ಲಿ ಇಂದಿಗೂ ತೇಲುತ್ತಿರುವ ಅತ್ಯಂತ ಹಳೆಯ ಯುದ್ಧನೌಕೆ ಇದೇ. 1987ರಲ್ಲಿ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ಗೆ ತಂದು, 2001ರವರೆಗೆ ದುರಸ್ತಿ ಮಾಡಿದರು. ಹಡಗಿನ ಅರ್ಧಕ್ಕಿಂತ ಹೆಚ್ಚು ಮರ ಇನ್ನೂ ಮೂಲದ್ದೇ.

ಇಂಥ ಹಡಗನ್ನು ಇಂದು ಹೇಗೆ ಉಳಿಸುತ್ತಾರೆ?

ಮರದ ಹಡಗು ಸಮುದ್ರದ ನೀರಿನಿಂದಲೇ ಕೊಳೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೊಳೆಸುವುದು ಶಿಲೀಂಧ್ರ, ಅದಕ್ಕೆ ತೇವದ ಜೊತೆ ಗಾಳಿಯೂ ಬೇಕು. ಹಾಗಾಗಿ ಡೆಕ್‌ನ ಬಿರುಕಿನಲ್ಲಿ ಇಳಿಯುವ ಮಳೆನೀರೇ ಹೆಚ್ಚು ಅಪಾಯ. ಸಮುದ್ರದಲ್ಲಿ ಮರಕ್ಕೆ ಬೇರೆಯೇ ಶತ್ರು ಇದೆ: ಮರ ಕೊರೆಯುವ ಹಡಗುಹುಳು. ಅದನ್ನು ತಡೆಯಲೆಂದೇ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಯುತ್ತಿದ್ದರು.

ಇಂದು ಹಳೆಯ ಹಡಗುಗಳ ಆಕಾರವನ್ನು ಲೇಸರ್ ಸ್ಕ್ಯಾನ್‌ನಿಂದ ಅಳೆಯಬಹುದು. ಬಾಗಿದ ದೊಡ್ಡ ಮರ ಸಿಗದಿದ್ದರೆ ತೆಳು ಹಲಗೆಗಳನ್ನು ಪದರ ಪದರವಾಗಿ ಎಪಾಕ್ಸಿ ಅಂಟಿನಿಂದ ಕೂಡಿಸಿ ಬೇಕಾದ ಬಾಗು ಕೊಡುತ್ತಾರೆ. ಇಲ್ಲೊಂದು ತಮಾಷೆಯಿದೆ: ತೇಗವನ್ನು ಕಾಪಾಡಿದ ಎಣ್ಣೆಯೇ ಅಂಟಿಗೆ ಅಡ್ಡಿ. ಅದಕ್ಕೇ ತೇಗವನ್ನು ಅಂಟಿಸುವ ಮುನ್ನ ಅಸಿಟೋನ್‌ನಂಥ ದ್ರಾವಕದಿಂದ ಒರೆಸಿ, ತಡಮಾಡದೆ ಅಂಟು ಹಚ್ಚುತ್ತಾರೆ.

ಫಾರ್ವರ್ಡ್ ಮಾಡುವ ಮುನ್ನ

• ಮಿಂಡೆನ್ ಕಟ್ಟಿದ್ದು ಜಮ್‌ಶೆಟ್‌ಜಿ ವಾಡಿಯಾ: ನಿಜ.
• ಅಮೆರಿಕದ ರಾಷ್ಟ್ರಗೀತೆ ಅದರಲ್ಲಿ ಹುಟ್ಟಿತು: ಸುಳ್ಳು.
• ಅವರ ಕಾಲದಲ್ಲಿ ಮುಂಬೈನಲ್ಲಿ ಕಟ್ಟಿದ ತೇಗದ ಹಡಗು 200 ವರ್ಷ ದಾಟಿಯೂ ತೇಲುತ್ತಿದೆ: ನಿಜ.

ವಾಡಿಯಾ ಅವರ ಹೆಮ್ಮೆಗೆ ಹಾರ್ಟಲ್‌ಪೂಲ್‌ನ ಆ ಹಡಗೇ ಸಾಕು, ಸುಳ್ಳು ಕಥೆಯ ಆಸರೆ ಬೇಡ. ಗುಂಪಿನಲ್ಲಿ ಮುಂದಿನ ಸಲ ಆ ಸಂದೇಶ ಬಂದರೆ, ಈ ಮೂರು ಸಾಲನ್ನು ಅದರ ಕೆಳಗೆ ಹಾಕಿ.